ಮೀನು ಗುಳೆ ಹೋಯಿತು, ಸಾಲ ದಡದಲ್ಲೇ ಉಳಿಯಿತು



ನೀವು ನಾಲ್ಕು ಎಕರೆಗೆ ಮೆಕ್ಕೆಜೋಳ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ, ಟ್ರ್ಯಾಕ್ಟರ್ ಬಾಡಿಗೆಗೆ ಕೈಗಡ. ಒಂದು ದಿನ ಬೆಳಗ್ಗೆ ಹೋಗಿ ನೋಡ್ತೀರಿ, ಇಡೀ ಬೆಳೆ ಬೇರುಸಹಿತ ಎದ್ದು ಪಕ್ಕದ ಜಿಲ್ಲೆಗೆ ಹೊರಟುಹೋಗಿದೆ. ಒಣಗಿಲ್ಲ, ಕೊಳೆತಿಲ್ಲ, ಹುಳ ತಿಂದಿಲ್ಲ. ಅಲ್ಲಿ ಯಾರದೋ ಹೊಲದಲ್ಲಿ ಸೊಂಪಾಗಿ ನಿಂತಿದೆ. ನಿಮ್ಮ ಪಹಣಿಯಲ್ಲಿ ಮಾತ್ರ ಸಾಲದ ಬೋಜಾ ಹಾಗೇ ಕೂತಿದೆ, ಬ್ಯಾಂಕಿನ ನೋಟೀಸು ನಿಮ್ಮ ಹೆಸರಿಗೇ ಬರುತ್ತೆ. ತಾಲೂಕು ಕಚೇರಿಗೆ ಹೋಗಿ ಅತ್ತರೆ, ಬೆಳೆ ನಾಶವಾಗಿಲ್ಲವಲ್ಲಯ್ಯ, ಪಕ್ಕದ ಜಿಲ್ಲೆಯಲ್ಲಿ ಇದೆಯಲ್ಲ ಅನ್ನುತ್ತಾರೆ.

ಇಂಥದ್ದು ಎಲ್ಲಾದರೂ ಉಂಟೇ ಎಂದು ನೀವು ನಗಬಹುದು. ಹೊಲದಲ್ಲಿ ಇಲ್ಲ, ಕಡಲಲ್ಲಿ ಇದೆ. ಘಟ್ಟ ಇಳಿದರೆ ಸಿಗುವ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ಮೀನುಗಾರ ಅಣ್ಣತಮ್ಮಂದಿರು ಇದನ್ನೇ ಅನುಭವಿಸುತ್ತಿದ್ದಾರೆ. ಕಡಲು ಕಾಯುತ್ತಿದೆ, ಮೀನು ಜಾಗ ಬದಲಿಸುತ್ತಿದೆ. ಬೋಟು, ಬಲೆ, ಬಂದರು, ಸಾಲ ಇವು ಯಾವುವೂ ಜಾಗ ಬದಲಿಸುವುದಿಲ್ಲ.

ಬೆಲೆ ಮತ್ತು ಸಾಲದ ವಿಚಾರ ಬರೆಯುವ ಈ ಪತ್ರಿಕೆಯಲ್ಲಿ ಮೀನಿನ ಪುರಾಣ ಯಾಕೆ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ, ಅದರಲ್ಲೂ ಮೀನು ಮುಟ್ಟದ ಮನೆಯವರು. ಅವರಿಗೆ ನನ್ನ ಉತ್ತರ ಇಷ್ಟೇ: ನೀವು ಮೀನು ತಿನ್ನದಿದ್ದರೂ ನಿಮ್ಮ ಮೆಕ್ಕೆಜೋಳ ತಿನ್ನುವ ಕೋಳಿ ಮೀನಿನ ಹಿಟ್ಟನ್ನೂ ತಿನ್ನುತ್ತೆ. ನಿಮ್ಮ ಹೊಲಕ್ಕೆ ಮಳೆ ತರುವ ಮೋಡ ಆ ಕಡಲಿನಿಂದಲೇ ಏಳುತ್ತೆ. ಇನ್ನು ಸಾಲಗಾರನ ಕಷ್ಟ ಸಾಲಗಾರನಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ಒಂದೇ ಒಂದು ಮೀನನ್ನು ಹಿಡಿದು ಮಾತಾಡೋಣ. ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ. ಗೇಣುದ್ದವೂ ಇಲ್ಲದ, ಎಣ್ಣೆ ತುಂಬಿದ ಬಡವರ ಮೀನು. ಹಿಂದೆ ಹೇರಳವಾಗಿ ಸಿಕ್ಕ ವರ್ಷ ತಿಂದು ಮಿಕ್ಕದ್ದನ್ನು ಕರಾವಳಿಯ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಇದರ ಎಣ್ಣೆ ತೆಗೆಯುವ, ಹಿಂಡಿ ಮಾಡುವ ಕಸುಬು ನೂರು ವರ್ಷಕ್ಕೂ ಹಳೆಯದು. ಈಗ ಅದೇ ಕೆಲಸವನ್ನು ಉಳ್ಳಾಲದಿಂದ ಉಡುಪಿ ಕಡೆಯವರೆಗಿನ ಫಿಶ್‌ಮೀಲ್ ಕಾರ್ಖಾನೆಗಳು ಮಾಡುತ್ತವೆ. ಅಂದರೆ ಇದು ಬರೀ ಊಟದ ಮೀನಲ್ಲ, ನಮ್ಮ ಕಡಲೆಕಾಯಿಯ ಹಾಗೆ ಎಣ್ಣೆ, ಹಿಂಡಿ, ಗೊಬ್ಬರ ಮೂರೂ ಕೊಡುವ ಫಸಲು.

ಈ ಫಸಲಿನ ಲೆಕ್ಕ ಕೇಳಿ. ಕೊಚ್ಚಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಂತ ಒಂದಿದೆ. 1947ರಿಂದ ಇರುವ ಸಂಸ್ಥೆ, ಬಂದರು ಬಂದರಿಗೆ ಜನ ಬಿಟ್ಟು ಮೀನಿನ ಲೆಕ್ಕ ಇಡುತ್ತೆ. ಅವರ ಲೆಕ್ಕದ ಪ್ರಕಾರ ಕೇರಳದಲ್ಲಿ 2012ರಲ್ಲಿ ಸಿಕ್ಕ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಸಿಕ್ಕಿದ್ದು 3,297 ಟನ್. ಲಕ್ಷ ಬಿಟ್ಟುಹೋಗಿದೆ ಎಂದು ಮತ್ತೆ ಓದಬೇಡಿ, ಬಿಟ್ಟುಹೋಗಿಲ್ಲ. ನೂರು ಚೀಲ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ಚೀಲವೂ ತುಂಬಲಿಲ್ಲ ಅಂದ ಹಾಗೆ. ಆಮೇಲೆ ಮತ್ತೆ ಲಕ್ಷ ಟನ್ ದಾಟಿ ಚೇತರಿಸಿಕೊಂಡಿತು, ಅದೂ ನಿಜ. ಆದರೆ ಆ ಒಂಬತ್ತು ವರ್ಷದಲ್ಲಿ ಬಡ್ಡಿ ನಿಂತಿತ್ತೇ?

ಈ ಮೀನು ಹೀಗೆ ಏರಿಳಿಯುವುದು ಹೊಸದಲ್ಲ, ಹಿಂದೆಯೂ ಬಂದು ಹೋಗಿ ಮಾಡಿದೆ. ಹೊಸದು ಇನ್ನೊಂದಿದೆ. 1985ರವರೆಗೆ ಈ ದೇಶದ ಬೂತಾಯಿ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತಿದ್ದುದು 8ರಿಂದ 14 ಡಿಗ್ರಿ ಅಕ್ಷಾಂಶದ ಒಳಗೆ, ಅಂದರೆ ಕನ್ಯಾಕುಮಾರಿಯಿಂದ ನಮ್ಮ ಭಟ್ಕಳದ ಸುತ್ತಮುತ್ತಲಿನವರೆಗೆ. ಅದೇ ಅದರ ಊರು. ಆಮೇಲಿನ ವರ್ಷಗಳಲ್ಲಿ ಅದು ಮೇಲೆ ಕೊಂಕಣದ ಕಡೆಗೂ, ಕನ್ಯಾಕುಮಾರಿ ಸುತ್ತಿಕೊಂಡು ತಮಿಳುನಾಡು, ಆಂಧ್ರದ ಕಡಲಿಗೂ ಹಬ್ಬಿತು. ಮೊದಲು ಅಲ್ಲಿಯವರಿಗೆ ಇದು ಲೆಕ್ಕಕ್ಕೇ ಇಲ್ಲದ ಮೀನಾಗಿತ್ತು. ಆ ಕಡೆಯ ನೀರು ಕಾದು ಈ ಮೀನಿಗೆ ಹಿಡಿಸುವ ಹದಕ್ಕೆ ಬಂದಿದೆ ಎಂಬುದು ಆ ಸಂಸ್ಥೆಯ ವಿಜ್ಞಾನಿಗಳ ಮಾತು.

ಕಡಲು ಯಾಕೆ ಕಾಯುತ್ತೆ ಅಂದರೆ, ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತೆ. ಹೀಗೆ ಹೆಚ್ಚಾದ ಶಾಖದಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚನ್ನು ನುಂಗಿದ್ದು ಗಾಳಿಯಲ್ಲ, ನೆಲವಲ್ಲ, ಕಡಲು. ಅದು ನುಂಗದಿದ್ದರೆ ನಾವೆಲ್ಲ ಎಂದೋ ಬೆಂದುಹೋಗುತ್ತಿದ್ದೆವು. ಪುಣೆಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟಂತೆ, ಹಿಂದೂ ಮಹಾಸಾಗರದ ಪಶ್ಚಿಮ ಭಾಗ 1901ರಿಂದ 2012ರೊಳಗೆ ಬೇಸಿಗೆ ತಿಂಗಳುಗಳಲ್ಲಿ 1.2 ಡಿಗ್ರಿ ಬಿಸಿಯಾಗಿದೆ. ಒಂದೂಕಾಲು ಡಿಗ್ರಿ ಏನು ಮಹಾ ಅನ್ನಬೇಡಿ. ನಿಮಗೆ ಎರಡು ಡಿಗ್ರಿ ಜ್ವರ ಬಂದರೆ ಹಾಸಿಗೆ ಹಿಡಿಯುತ್ತೀರಿ. ಮೀನಿಗೆ ನಮ್ಮ ಹಾಗೆ ಮೈಯ ಶಾಖ ಅಂತ ಬೇರೆ ಇಲ್ಲ. ನೀರು ಎಷ್ಟು ಬಿಸಿಯೋ ಮೈ ಅಷ್ಟೇ ಬಿಸಿ. ಬೂತಾಯಿಗೆ ಹಿಡಿಸುವುದು ಸುಮಾರು 27ರಿಂದ 29 ಡಿಗ್ರಿಯ ನೀರು. ಅದಕ್ಕಿಂತ ಮೇಲೆ ಹೋದರೆ ಅದು ತನ್ನ ಹದ ಹುಡುಕಿಕೊಂಡು ಹೊರಡುತ್ತೆ. ಮಳೆ ಹೋದಾಗ ರಾಯಚೂರು, ಕಲಬುರಗಿಯ ನಮ್ಮ ಜನ ಗುಳೆ ಹೊರಡುವುದಿಲ್ಲವೇ, ಹಾಗೆ.

ಇಲ್ಲಿ ಒಕ್ಕಲುತನ ಬಲ್ಲವರಿಗೆ ಮಾತ್ರ ಬೇಗ ಅರ್ಥವಾಗುವ ಒಂದು ವಿಚಾರ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಡಲಿಗೂ ಉಳುಮೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ನಮ್ಮ ಕರಾವಳಿ ಉದ್ದಕ್ಕೂ ದಕ್ಷಿಣದ ಕಡೆಗೆ ಬೀಸುತ್ತದಲ್ಲ, ಆಗ ಭೂಮಿ ತಿರುಗುವ ಕಾರಣಕ್ಕೆ ಮೇಲಿನ ನೀರು ದಡ ಬಿಟ್ಟು ಆಳಕ್ಕೆ ಸರಿಯುತ್ತೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಮೇಲೇಳುತ್ತೆ. ಸತ್ತ ಜೀವಿಗಳೆಲ್ಲ ತಳಕ್ಕೆ ಇಳಿದು ಕೊಳೆತ ಗೊಬ್ಬರ ಆ ತಣ್ಣೀರಿನಲ್ಲಿ ಇರುತ್ತೆ. ಗೊಬ್ಬರ ಮೇಲೆ ಬಂತು, ಬಿಸಿಲು ಸಿಕ್ಕಿತು, ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯಿತು. ಅದನ್ನು ಮೇಯಲು ಬೂತಾಯಿ ಹಿಂಡು ಹಿಂಡಾಗಿ ಬಂತು. ನಮ್ಮ ಕರಾವಳಿ ಮೀನಿಗೆ ಹೆಸರಾದದ್ದು ಈ ಉಳುಮೆಯಿಂದ.

ಈಗ ಮೇಲಿನ ನೀರು ಹೆಚ್ಚು ಕಾದರೆ ಏನಾಗುತ್ತೆ? ಬಿಸಿನೀರು ಹಗುರ, ತಣ್ಣೀರು ಭಾರ. ಬಿಸಿನೀರು ಹೆಪ್ಪು ಕಟ್ಟಿದ ಹಾಗೆ ಮೇಲೆ ಕೂತುಬಿಡುತ್ತೆ, ಕೆಳಗಿನ ಗೊಬ್ಬರ ಸುಲಭವಾಗಿ ಮೇಲೆ ಬರುವುದಿಲ್ಲ. ಮಣ್ಣು ಗಟ್ಟಿಯಾಗಿ ನೇಗಿಲು ಇಳಿಯದ ಹೊಲ ನೋಡಿದ್ದೀರಲ್ಲ, ಥೇಟ್ ಅದೇ. ಜೊತೆಗೆ ಬಿಸಿಯಾದಷ್ಟೂ ನೀರಿನಲ್ಲಿ ಉಸಿರಾಡುವ ಗಾಳಿ ಕಡಿಮೆ. ಮೊದಲೇ ನಮ್ಮ ಅರಬ್ಬೀ ಸಮುದ್ರದ ಆಳದಲ್ಲಿ ಆಮ್ಲಜನಕ ಇಲ್ಲದ ದೊಡ್ಡ ಪದರವೊಂದಿದೆ, ಪ್ರಪಂಚದ ಅಂಥ ದೊಡ್ಡ ಪದರಗಳಲ್ಲಿ ಇದೂ ಒಂದು. ಹೀಗಾಗಿ ಮೀನಿಗೆ ಮೇಲೆ ಕಾದ ಹಂಚಿನ ಮಾಡು, ಕೆಳಗೆ ಉಸಿರುಗಟ್ಟುವ ಹಗೇವು. ಎರಡರ ನಡುವೆ ಇರುವ ಜಾಗದಲ್ಲಿ ಬದುಕಬೇಕು.

ಬಂಗುಡೆ ಏನು ಮಾಡಿತು ನೋಡಿ. ಇದೂ ಮೇಲ್ನೀರಿನಲ್ಲಿ ಓಡಾಡುತ್ತಿದ್ದ ಮೀನು. ತೇಲುಬಲೆ ಬಿಡುವ ಸಣ್ಣ ದೋಣಿಯವನಿಗೂ ಸಿಗುತ್ತಿತ್ತು. ತಳ ಗೋರುವ ಟ್ರಾಲ್ ಬೋಟಿನ ಬಲೆಗೆ 1985ರಿಂದ 89ರವರೆಗೆ ಬಿದ್ದ ಬಂಗುಡೆ, ಒಟ್ಟು ಬಂಗುಡೆಯ ನೂರಕ್ಕೆ 2 ಪಾಲು ಮಾತ್ರ. 2003ರಿಂದ 2007ರ ಹೊತ್ತಿಗೆ ಅದು ನೂರಕ್ಕೆ 15 ಆಯಿತು. ಮೇಲಿನ ಬಿಸಿ ತಾಳದೆ ಮೀನು ಕೆಳಕ್ಕೆ ಇಳಿದಿದೆ ಎಂದು ವಿಜ್ಞಾನಿಗಳು ಇದನ್ನು ಓದುತ್ತಾರೆ. ನಾನು ಇದನ್ನು ಇನ್ನೊಂದು ರೀತಿಯಲ್ಲೂ ಓದುತ್ತೇನೆ. ಮೀನು ಹತ್ತು ಮಾರು ಕೆಳಗಿಳಿದರೆ ಅದು ಸಣ್ಣ ದೋಣಿಯವನ ಕೈಯಿಂದ ದೊಡ್ಡ ಬೋಟಿನವನ ಕೈಗೆ ಹೋಯಿತು ಅಂತ ಅರ್ಥ. ಯಾವ ಕಾನೂನೂ ಆಗಲಿಲ್ಲ, ಯಾರೂ ರುಜು ಹಾಕಲಿಲ್ಲ, ಆಸ್ತಿ ಮಾತ್ರ ವರ್ಗಾವಣೆ ಆಯಿತು. ನಮ್ಮಲ್ಲಿ ಅಂತರ್ಜಲ ಕೆಳಗಿಳಿದಾಗ ಏನಾಯಿತು? ಬಾವಿ ಇದ್ದವನದು ಬತ್ತಿತು, ಸಾವಿರ ಅಡಿ ಬೋರು ಕೊರೆಸುವ ತಾಕತ್ತು ಇದ್ದವನಿಗೆ ನೀರು ಸಿಕ್ಕಿತು. ಕಡಲಲ್ಲಿ ನಡೆದಿರುವುದೂ ಇದೇ.

ಹಿಂದೆ ಕರಾವಳಿಯಲ್ಲಿ ರಂಪಣಿ ಅಂತ ಇತ್ತು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಉದ್ದನೆಯ ಬಲೆ. ಎಳೆದವರಿಗೆಲ್ಲ ಪಾಲು. ಮೀನು ದಡಕ್ಕೆ ಬರುತ್ತಿದ್ದ ಕಾಲದ ಬಲೆ ಅದು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟು ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಹಿಡಿಯಿತು, ರಂಪಣಿ ಮಲಗಿತು. ಅದಕ್ಕೆ ಕಾರಣ ಯಂತ್ರ, ಬಿಸಿಲಲ್ಲ. ಈಗ ಕಾದ ನೀರು ಸೇರಿಕೊಂಡು ಯಂತ್ರದವನನ್ನೂ ಅಲೆಸುತ್ತಿದೆ.

ಜಾಗ ಮಾತ್ರ ಅಲ್ಲ, ಕಾಲವೂ ಬದಲಾಗುತ್ತಿದೆ. ಕೇರಳದವರು ಕಿಳಿಮೀನ್, ತಮಿಳರು ಶಂಕರ ಎನ್ನುವ ಕೆಂಪು ಮೀನಿನ ಜಾತಿ ಇದೆ. ಚೆನ್ನೈ ಕಡಲಲ್ಲಿ ಅದು ಮೊಟ್ಟೆ ಇಡುವ ತಿಂಗಳು ಎಂಬತ್ತರ ದಶಕದಿಂದ ಈಚೆಗೆ ಬಿಸಿಲು ಕಾಲದಿಂದ ತಂಪು ಕಾಲಕ್ಕೆ ಸರಿದಿದೆ. ಮೃಗಶಿರಕ್ಕೆ ಬಿತ್ತುತ್ತಿದ್ದವರು ಪುಷ್ಯಕ್ಕೆ ಬಿತ್ತಿದ ಹಾಗೆ. ಇನ್ನು ನಮ್ಮ ಸರ್ಕಾರ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಮಾಡಿದೆ. ಮೊಟ್ಟೆ ಇಡುವ ಕಾಲಕ್ಕೆ ತೊಂದರೆ ಆಗದಿರಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದು, ಒಳ್ಳೆಯದೇ. ಆದರೆ ಮೀನೇ ತಿಂಗಳು ಬದಲಿಸಿದರೆ ಆದೇಶದ ಕಾಗದ ಬದಲಾಗುತ್ತದೆಯೇ? ನಮ್ಮ ಬೆಳೆ ವಿಮೆಯ ಕಟ್ಟುವ ಕೊನೆಯ ದಿನಾಂಕದ ಅನುಭವ ಇರುವವರಿಗೆ ಉತ್ತರ ಗೊತ್ತು.

ಗಡಿಯ ವಿಚಾರಕ್ಕೆ ಬರೋಣ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ ಕಾನೂನು. ನಮ್ಮಲ್ಲಿ 1986ರ ಕಾಯ್ದೆ ಇದೆ, ಗೋವಾಕ್ಕೆ ಅದರದ್ದು, ಮಹಾರಾಷ್ಟ್ರಕ್ಕೆ ಅದರದ್ದು. ಮೀನನ್ನು ಹಿಂಬಾಲಿಸಿ ಹೋದ ನಮ್ಮ ಕಡೆಯ ಬೋಟುಗಳನ್ನು ಪಕ್ಕದ ರಾಜ್ಯದವರು ಹಿಡಿದು ದಂಡ ಹಾಕಿದ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಇದು ನಮ್ಮ ದೇಶದ ಜಗಳ ಮಾತ್ರ ಅಂದುಕೊಳ್ಳಬೇಡಿ. ಯುರೋಪಿನ ಉತ್ತರಕ್ಕೆ ಐಸ್‌ಲ್ಯಾಂಡ್ ಅಂತ ಒಂದು ಚಳಿ ದೇಶ. ಅವರಿಗೆ 2006ರಲ್ಲಿ ಸಿಕ್ಕ ಬಂಗುಡೆ ಜಾತಿಯ ಮೀನು ಸುಮಾರು 4,000 ಟನ್. ನೀರು ಬೆಚ್ಚಗಾಗಿ ಮೀನು ಅತ್ತ ತಿರುಗಿತು. 2008ರಲ್ಲಿ 1 ಲಕ್ಷ ಟನ್ ದಾಟಿತು. 2010ರಲ್ಲಿ ತಮ್ಮ ಪಾಲು 1.3 ಲಕ್ಷ ಟನ್ ಎಂದು ತಾವೇ ಬರೆದುಕೊಂಡರು. ಹಿಂದಿನಿಂದ ಪಾಲು ಹಂಚಿಕೊಂಡಿದ್ದ ನಾರ್ವೆ, ಯುರೋಪ್ ಒಕ್ಕೂಟದವರು ಬೊಬ್ಬೆ ಹಾಕಿದರು. ನಮ್ಮ ಮನೆಯ ಹಸು ನಿಮ್ಮ ಹಿತ್ತಿಲಿಗೆ ಬಂದರೆ ಹಾಲು ಯಾರಿಗೆ ಎಂಬ ಜಗಳ. ಅಷ್ಟು ದುಡ್ಡು, ಅಷ್ಟು ವಿಜ್ಞಾನ ಇರುವವರೇ ವರ್ಷಗಟ್ಟಲೆ ಕೂತು ಮಾತಾಡಿದರೂ ಇದು ಬಗೆಹರಿಯಲಿಲ್ಲ.

ಆದರೂ ಅವರ ಮೀನಿಗೆ ಹೋಗಲು ಜಾಗ ಇದೆ. ಉತ್ತರಕ್ಕೆ ಹೋದಷ್ಟೂ ಕಡಲು, ಧ್ರುವದವರೆಗೆ. ನಮ್ಮ ಅರಬ್ಬೀ ಸಮುದ್ರದ ನಕ್ಷೆ ತೆಗೆದು ನೋಡಿ, ಮಕ್ಕಳ ಶಾಲೆ ಪುಸ್ತಕದಲ್ಲಿ ಇರುತ್ತೆ. ಮೇಲೆ ಗುಜರಾತು, ಪಾಕಿಸ್ತಾನ, ಇರಾನ್. 25 ಡಿಗ್ರಿ ಹೊತ್ತಿಗೆ ಗೋಡೆ ಕಟ್ಟಿದ ಹಾಗೆ ನೆಲ ಬಂದುಬಿಡುತ್ತೆ. ತಂಪು ಹುಡುಕಿ ಉತ್ತರಕ್ಕೆ ಹೊರಟ ಮೀನಿಗೆ ಕೊನೆಗೆ ಸಿಗುವುದು ಆ ಗೋಡೆ. ನನ್ನ ಮಟ್ಟಿಗೆ ಇಡೀ ವಿಚಾರದಲ್ಲಿ ಹೆದರಿಕೆ ಹುಟ್ಟಿಸುವ ಸಂಗತಿ ಇದು.

ಈಜುವ ಮೀನಿನ ಕತೆ ಇದಾದರೆ ನೆಟ್ಟಲ್ಲೇ ಇರುವ ಜೀವದ ಗತಿ ಏನು? ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಕಾದ ನೀರಿಗೆ ಬಿಳಿಚಿಕೊಂಡವು. ಹವಳದ ಮೈಯೊಳಗೆ ಒಂದು ಪಾಚಿ ಇದ್ದು ಅದಕ್ಕೆ ಅನ್ನ ಮಾಡಿ ಹಾಕುತ್ತೆ. ನೀರು ಕಾದರೆ ಹವಳ ಆ ಪಾಚಿಯನ್ನು ಹೊರಕ್ಕೆ ತಳ್ಳುತ್ತೆ, ಆಮೇಲೆ ಉಪವಾಸ ಸಾಯುತ್ತೆ. ಹವಳದ ಸಂದಿಗಳನ್ನೇ ಮನೆ ಮಾಡಿಕೊಂಡ ಮೀನುಗಳು ಬೀದಿಗೆ ಬೀಳುತ್ತವೆ. ಆ ದ್ವೀಪಗಳಿಗೆ ಅಲೆಯಿಂದ ರಕ್ಷಣೆ ಕೊಡುವ ಏರಿಯೂ ಅದೇ ಹವಳದ ದಿಬ್ಬ.

ಇನ್ನು ಬೆಲೆ. 1970ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶ ಅಂಚೊವೆಟಾ ಎಂಬ ಸಣ್ಣ ಮೀನನ್ನು ಒಂದು ಕೋಟಿ ಟನ್ನಿಗೂ ಮಿಕ್ಕಿ ಹಿಡಿಯಿತು. ನಮ್ಮ ಕೊಲ್ಲತರು ಮೀನಿನ ಜಾತಿಯದು. ಎಲ್ಲ ಹಿಟ್ಟಾಗಿ ಪ್ರಪಂಚದ ಕೋಳಿ, ಹಂದಿಗಳ ಹೊಟ್ಟೆಗೆ ಹೋಯಿತು. 1972ರಲ್ಲಿ ಎಲ್ ನಿನೊ ಬಂದು ಆ ಕಡಲು ಕಾಯಿತು, ಮಿತಿ ಮೀರಿ ಹಿಡಿದದ್ದೂ ಸೇರಿತು. 1973ರ ಹೊತ್ತಿಗೆ ಹಿಡುವಳಿ ಸುಮಾರು ಇಪ್ಪತ್ತು ಲಕ್ಷ ಟನ್ನಿಗೆ ಬಿತ್ತು. ಮೀನು ಹಿಟ್ಟು ಇಲ್ಲವೆಂದಾಗ ಎಲ್ಲರೂ ಸೋಯಾ ಹಿಂಡಿಗೆ ಮುಗಿಬಿದ್ದರು. ಸೋಯಾ ಬೆಲೆ ಗಗನಕ್ಕೇರಿತು. ಮುಕ್ತ ಮಾರುಕಟ್ಟೆಯ ಪಾಠ ಊರಿಗೆಲ್ಲ ಹೇಳುವ ಅಮೆರಿಕ 1973ರ ಜೂನ್‌ನಲ್ಲಿ ಸೋಯಾ ರಫ್ತನ್ನೇ ನಿಲ್ಲಿಸಿತು. ಅಲ್ಲಿಯ ರೈತನಿಗೆ ಬೆಲೆ ಸಿಗುವ ಹೊತ್ತಿಗೆ ಸರಿಯಾಗಿ! ನಮ್ಮಲ್ಲಿ ಈರುಳ್ಳಿಗೆ ಮಾಡುವುದು ಅದೇ ತಾನೇ. ಅದನ್ನೇ ನಂಬಿದ್ದ ಜಪಾನಿನವರು ಹೆದರಿ ಮುಂದೆ ಬ್ರೆಜಿಲ್‌ನ ಬಯಲಿನಲ್ಲಿ ಸೋಯಾ ಬೆಳೆಸಲು ಹಣ ಹಾಕಿದರು. ಈಗ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಸೋಯಾ ಬೆಳೆಯುವುದು ಬ್ರೆಜಿಲ್. ಬೀದರ್, ಬೆಳಗಾವಿ, ಧಾರವಾಡದ ಸೋಯಾ ಬೆಳೆಗಾರರೇ, ನಿಮ್ಮ ಎದುರಾಳಿ ಹುಟ್ಟಿದ ಕತೆಯಲ್ಲಿ ಪೆರುವಿನ ಬಿಸಿನೀರಿನ ಪಾತ್ರವೂ ಇದೆ. ಎಲ್ ನಿನೊ ಬಂದು ಹೋಗುವ ಬಿಸಿ. ನಾವು ಮಾತಾಡುತ್ತಿರುವುದು ಬಂದು ಹೋಗದೆ ಕೂತುಬಿಡುವ ಬಿಸಿ. ಎರಡೂ ಸೇರಿದರೆ ಹೇಗೋ ಏನೋ. 2023ರಲ್ಲೂ ಪೆರು ತನ್ನ ಮೊದಲ ಹಂಗಾಮಿನ ಅಂಚೊವೆಟಾ ಮೀನುಗಾರಿಕೆಯನ್ನು ರದ್ದು ಮಾಡಬೇಕಾಯಿತು.

ಬೆಲೆ ಏರಿದರೆ ಹಿಡಿದವನಿಗೆ ಲಾಭ ಅಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. 2024ರಲ್ಲಿ ಕೇರಳದಲ್ಲಿ ಬೂತಾಯಿ ಕಿಲೋಗೆ 350ರಿಂದ 400 ರೂಪಾಯಿಗೆ ಏರಿತ್ತು. ಕಡಲಲ್ಲಿ ಮೀನೇ ಇಲ್ಲದ ಹೊತ್ತಿನ ಬೆಲೆ ಅದು. ಕೆಲವೇ ತಿಂಗಳಲ್ಲಿ ಬೆಳವಣಿಗೆ ಕುಂಠಿತವಾದ ಸಣ್ಣ ಬೂತಾಯಿ ರಾಶಿ ರಾಶಿ ಬಂದು ಬೆಲೆ 20-30 ರೂಪಾಯಿಗೆ ಇಳಿಯಿತು. ಇಲ್ಲದಾಗ ಚಿನ್ನ, ಇದ್ದಾಗ ಮಣ್ಣು. ಕೋಲಾರದ ಟೊಮೆಟೊದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಲದ ವಿಚಾರಕ್ಕೆ ಬಂದರೆ, ಒಂದು ಬೋಟು ಕಡಲಿಗೆ ಇಳಿಯಬೇಕಾದರೆ ಡೀಸೆಲ್, ಐಸು, ಬಲೆ, ಹತ್ತಾರು ಜನರ ಕೂಲಿ, ಊಟ. ಮೀನು ಹತ್ತಿರ ಇದ್ದರೆ ಒಂದು ದಿನದ ಡೀಸೆಲ್. ದೂರ ಹೋದರೆ ಹತ್ತು ದಿನದ್ದು. ದಲ್ಲಾಳಿ ಮುಂಗಡ ಕೊಟ್ಟಿರುತ್ತಾನೆ, ಮೀನನ್ನು ಅವನಿಗೇ ಹಾಕಬೇಕು, ಅವನು ಹೇಳಿದ ರೇಟು. ಮಂಡಿಯವನ ಹತ್ತಿರ ಮುಂಗಡ ತಿಂದ ನಮಗೂ ಅವರಿಗೂ ಏನು ವ್ಯತ್ಯಾಸ? ಕುಂದಾಪುರದ ಕಡೆಯ ವಯಸ್ಸಾದ ಮೀನುಗಾರರೊಬ್ಬರು ಒಮ್ಮೆ ನನ್ನ ಹತ್ತಿರ ಮಾತಾಡುತ್ತಾ, "ನಿಮ್ ಗದ್ದಿ ಅಲ್ಲೇ ಇರತ್ತ್ ಮಾರಾಯ್ರೆ, ನಮ್ ಗದ್ದಿಯೇ ಓಡಿ ಹೋಯ್ತ್" ಅಂದರು. ನಾನು, "ನಮ್ಮ ಗದ್ದೆ ಎಲ್ಲೂ ಹೋಗಲ್ಲ ಅಣ್ಣ, ಅದಕ್ಕೇ ಅದನ್ನ ಬ್ಯಾಂಕಿನೋರು ಜಪ್ತಿ ಮಾಡೋದು" ಅಂದೆ. ಇಬ್ಬರೂ ನಕ್ಕೆವು. ನಗದೆ ಏನು ಮಾಡೋದು.

ಅಧಿಕಾರಿಗಳನ್ನು ಕೇಳಿದರೆ ಅವರ ಬಾಯಲ್ಲಿ ಒಂದೇ ಮಾತು: ಮೀನುಗಾರರೇ ಮರಿಮೀನು ಹಿಡಿದು ಕಡಲು ಬರಿದು ಮಾಡಿದರು. ಇದರಲ್ಲಿ ಸುಳ್ಳಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು, ಜೋಡಿ ಬೋಟು ಕಟ್ಟಿ ಎಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು, ಆದರೂ ಕದ್ದುಮುಚ್ಚಿ ನಡೆಯುತ್ತದೆ ಎಂದು ನಾಡದೋಣಿಯವರೇ ದೂರುತ್ತಾರೆ. ಕೇರಳ 2015ರಲ್ಲೇ ಇಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯಬಾರದು ಎಂದು ನಿಯಮ ತಂದಿತು, ಬೂತಾಯಿಗೆ 10 ಸೆಂಟಿಮೀಟರ್. ಬಿತ್ತನೆ ಬೀಜವನ್ನೇ ಹುರಿದು ತಿನ್ನುವವನನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮರಿಮೀನನ್ನು ತೂಕಕ್ಕೆ ಕೊಳ್ಳುವ ಕಾರ್ಖಾನೆ ಇರುವಾಗ ಹಿಡಿದವನೊಬ್ಬನೇ ಕಳ್ಳನೇ? ಅದೂ ಅಲ್ಲದೆ ಕಡಲನ್ನು ಕಾಯಿಸಿದ್ದು ಮಲ್ಪೆಯ ದೋಣಿಯೇ? ನಮ್ಮ ಬೆಳೆ ಒಣಗಿದಾಗ, ನೀನು ಯೂರಿಯಾ ಜಾಸ್ತಿ ಹಾಕಿದೆ, ಅದಕ್ಕೇ ಹೀಗಾಯಿತು ಎಂದು ಕೃಷಿ ಇಲಾಖೆಯವರು ಕೈತೊಳೆದುಕೊಂಡದ್ದು ನೆನಪಿದೆ ತಾನೇ? ಈ ಮಾತೂ ಅದೇ ಜಾತಿಯದು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಪ್ರಕೃತಿ ವಿಕೋಪಕ್ಕೆ ಪರಿಹಾರ ಕೊಡುವ ಸರ್ಕಾರದ ಪಟ್ಟಿಯಲ್ಲಿ ಚಂಡಮಾರುತ, ಬರ, ನೆರೆ, ಆಲಿಕಲ್ಲು, ಭೂಕಂಪ, ಕೀಟಬಾಧೆ ಎಲ್ಲ ಇವೆ. ಚಂಡಮಾರುತಕ್ಕೆ ದೋಣಿ ಮುರಿದರೆ, ಬಲೆ ಕೊಚ್ಚಿಹೋದರೆ ಅಷ್ಟಿಷ್ಟು ಪರಿಹಾರವೂ ಇದೆ. ದೋಣಿ, ಬಲೆ ಎರಡೂ ನೆಟ್ಟಗಿದ್ದು ಮೀನು ಮಾತ್ರ ಊರು ಬಿಟ್ಟರೆ? ಆ ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಕರಾವಳಿಯ ಜನ ಅದಕ್ಕೆ ಮತ್ಸ್ಯಕ್ಷಾಮ ಎಂದು ಹೆಸರಿಟ್ಟಿದ್ದಾರೆ. ಸರ್ಕಾರದ ಕಾಗದಕ್ಕೆ ಅದು ಇನ್ನೂ ಹತ್ತಿಲ್ಲ.

ಅಳೆಯಲು ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ನಮ್ಮ ಬರಕ್ಕೆ ಕೇಂದ್ರದ 2016ರ ಕೈಪಿಡಿ ಇದೆ. ಮಳೆ ಎಷ್ಟು ಕೊರತೆ, ಎಷ್ಟು ವಾರ ಮಳೆ ಇಲ್ಲ, ಮಣ್ಣಿನ ತೇವ ಎಷ್ಟು, ಉಪಗ್ರಹಕ್ಕೆ ಕಾಣುವ ಹಸಿರು ಎಷ್ಟು, ಬಿತ್ತನೆ ಎಷ್ಟು ಎಂದು ನೋಡಿ ತಾಲೂಕು ಘೋಷಣೆ ಮಾಡುತ್ತಾರೆ. ಅದರ ಲೋಪ ನೂರು ಇರಬಹುದು, ಅಳತೆ ಅಂತ ಒಂದು ಇದೆ. ಕಡಲಿಗೂ ಅಳತೆ ಇದೆ. ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ್ದೇ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ 1999ರಿಂದ ಇದೆ. ಉಪಗ್ರಹದಿಂದ ಕಡಲ ಮೇಲ್ಮೈಯ ಶಾಖ, ಪಾಚಿಯ ಬಣ್ಣ ನೋಡಿ, ಇಂಥ ದಿಕ್ಕಿಗೆ ಇಷ್ಟು ದೂರ ಹೋದರೆ ಮೀನು ಸಿಗಬಹುದು ಎಂದು ಮೀನುಗಾರರಿಗೆ ಸೂಚನೆ ಕೊಡುತ್ತಾರೆ. ಕಡಲು ಅತಿಯಾಗಿ ಕಾದ ದಿನಗಳನ್ನೂ ಗುರುತಿಸುತ್ತಾರೆ. ಕೊಚ್ಚಿಯವರು ಬಂದರುವಾರು ಹಿಡುವಳಿ ಲೆಕ್ಕ ಇಡುತ್ತಾರೆ. ಮೀನು ಎಲ್ಲಿದೆ ಎಂದು ಹೇಳಬಲ್ಲ ಸರ್ಕಾರಕ್ಕೆ ಮೀನು ಎಲ್ಲಿ ಇಲ್ಲ ಎಂದು ಹೇಳಲು ಯಾಕೆ ಬಾಯಿ ಬರುವುದಿಲ್ಲ? ಹೇಳಿದರೆ ದುಡ್ಡು ಬಿಚ್ಚಬೇಕು, ಅದಕ್ಕೆ.

2018-19ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸಿದರು. ಅಂದರೆ ಸಾಲ ಕೊಡುವಾಗ ಮೀನುಗಾರನೂ ರೈತ. ಬರ ಘೋಷಣೆಯಾದ ತಾಲೂಕಿನಲ್ಲಿ ನಮ್ಮ ಬೆಳೆ ಸಾಲದ ಕಂತು ಮುಂದೂಡುವ, ಅವಧಿ ಬದಲಿಸುವ ದಾರಿ ಬ್ಯಾಂಕಿಗೆ ಇದೆ. ಕಡಲಿಗೆ ಬರ ಘೋಷಣೆಯೇ ಇಲ್ಲದ ಮೇಲೆ ಮೀನುಗಾರನ ಕಂತನ್ನು ಯಾವ ಆಧಾರದ ಮೇಲೆ ಮುಂದೂಡುತ್ತಾರೆ? ಸಾಲ ಕೊಡುವಾಗ ರೈತ, ಪರಿಹಾರ ಕೇಳಿದಾಗ ಬರೀ ಬೆಸ್ತ, ಇದು ಯಾವ ನ್ಯಾಯ?

ಪರಿಹಾರದ ಹಣಕ್ಕೆ ಅವರೂ ಪಾಲುದಾರರಾದರೆ ನಮ್ಮ ಪಾಲು ಕಡಿಮೆ ಆಗುತ್ತದಲ್ಲ ಎಂದು ನಮ್ಮಲ್ಲೇ ಕೆಲವರು ಗುಟ್ಟಾಗಿ ಲೆಕ್ಕ ಹಾಕಬಹುದು. 2023ನ್ನು ನೆನಪಿಸಿಕೊಳ್ಳಿ. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದಿಂದ ಪರಿಹಾರ ಬಾರದೆ 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಆಗ ಯಾವ ಮೀನುಗಾರ ನಮ್ಮ ತಟ್ಟೆಗೆ ಕೈ ಹಾಕಿದ್ದ? ಮತ್ತೆ, ಅರಬ್ಬೀ ಸಮುದ್ರ ಕಾದದ್ದು ಮೀನನ್ನು ಮಾತ್ರ ಓಡಿಸಿಲ್ಲ. ಮಧ್ಯಭಾರತದ ಪಟ್ಟಿಯಲ್ಲಿ ಒಂದೇ ಸಲ ಸುರಿಯುವ ವಿಪರೀತ ಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ. ಅದಕ್ಕೆ ತೇವ ಒದಗಿಸುವುದು ಈ ಕಡಲು ಎಂದು ಪುಣೆಯವರು 2017ರಲ್ಲಿ ಬರೆದರು. ತಿಂಗಳ ಮಳೆ ಒಂದೇ ದಿನ ಬಿದ್ದು ಮೆಕ್ಕೆಜೋಳ ಮಲಗಿದಾಗ ನಾವು ಆಕಾಶ ನೋಡಿ ಬೈಯುತ್ತೇವೆ. ಆ ಒಲೆ ಇರುವುದು ಮಂಗಳೂರಿನಿಂದ ಆಚೆ.

ಬರದ ಮನವಿ ಬರೆಯುವುದು ನಮಗೆ ಹೊಸದೇನಲ್ಲ, ಬರೆದು ಬರೆದು ಕೈ ಪಳಗಿದೆ. ಈ ಸಲ ಬರೆಯುವಾಗ ಇನ್ನೆರಡು ಸಾಲು ಸೇರಿಸಿ. ಮತ್ಸ್ಯಕ್ಷಾಮವನ್ನು ವಿಕೋಪಗಳ ಪಟ್ಟಿಗೆ ಸೇರಿಸಬೇಕು. ಹೈದರಾಬಾದಿನವರ ಶಾಖದ ಲೆಕ್ಕ, ಕೊಚ್ಚಿಯವರ ಹಿಡುವಳಿ ಲೆಕ್ಕ ಎರಡನ್ನೂ ಇಟ್ಟುಕೊಂಡು ತಾಲೂಕಿನ ಬದಲು ಬಂದರಿನ ಲೆಕ್ಕದಲ್ಲಿ ಘೋಷಣೆ ಮಾಡಬೇಕು, ಆ ವರ್ಷದ ಕಂತು, ಬಡ್ಡಿ ನಿಲ್ಲಿಸಬೇಕು. ಸಣ್ಣ ದೋಣಿಯವನಿಗೆ ಮೊದಲು, ದೊಡ್ಡ ಬೋಟಿನವನಿಗೆ ಆಮೇಲೆ. ದಲ್ಲಾಳಿಯ ಮುಂಗಡ ಇದರಲ್ಲಿ ಬರುವುದಿಲ್ಲ ಎಂದು ಕರಾವಳಿಯವರು ಹೇಳುತ್ತಾರೆ. ನಮ್ಮ ಕೈಗಡವೂ ಎಂದೂ ಬಂದಿಲ್ಲ. ಆ ಜಗಳವನ್ನು ಅವರ ಜೊತೆ ಕೂತು ಬೇರೆ ಮಾಡಬೇಕು. ಘಟ್ಟದ ಮೇಲಿನ ಮೂರ್ನಾಲ್ಕು ತಾಲೂಕಿನವರಾದರೂ ಆಗಸ್ಟ್‌ನಲ್ಲಿ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಮೊದಲು ಮಲ್ಪೆಗೋ ಗಂಗೊಳ್ಳಿಗೋ ಹೋಗಿ ಬನ್ನಿ. ಜುಲೈನಲ್ಲಿ ಅವರು ದಡದಲ್ಲೇ ಕೂತು ಬಲೆ ಹೊಲಿಯುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ.